ನೆಮ್ಮದಿ ಬಳೆ

“ಏಯ್ ಸಿಡುಕಿ, ಗೋಡೆ ಬಿಟ್ಟು ಈಚೆ ಬಾರೆ. ಗೋಡೆ ಏನ್ ನಿನ್ನ ಗಂಡನಾ, ಹಾಡಹಗಲೇ ಒರಗಿಕೊಂಡು ನಿಂತಿದೀಯ?”

ಮೇಸ್ತ್ರಿಯ ಮಾತಿಗೆ ಬಾಯ್ಲರ್ ಪಕ್ಕದಲ್ಲಿದ್ದ ಇಬ್ಬರು ಗಂಡಸರು ಕಿಸಕ್ಕನೆ ನಕ್ಕರು. ಸಿಡುಕಿ ಬೆನ್ನನ್ನು ಗೋಡೆಯಿಂದ ಕಿತ್ತಳು. ಬೆವರಿಗೆ ಅಂಟಿಕೊಂಡಿದ್ದ ರವಿಕೆಯ ಜೊತೆ ಸುಣ್ಣದ ಒಂದು ಚೂರೂ ಬಂತು.

“ನನ್ನ ಗಂಡ ಆಗಿದ್ರೆ ನಾನು ಒರಗೋಕೆ ಮೊದಲೇ ಪಕ್ಕಕ್ಕೆ ಸರಿದಿರ್ತಿದ್ದ ಬಿಡಿ,” ಎಂದಳು.

ಈ ಸಲ ಹೆಂಗಸರು ನಕ್ಕರು. ಮೇಸ್ತ್ರಿಗೆ ಅದು ಸೇರಲಿಲ್ಲ. “ಬಾಯಿಗೇನೂ ಕಮ್ಮಿ ಇಲ್ಲ ಮುಂಡೆಗೆ. ಅಲ್ನೋಡು ನಿನ್ನ ದೀಪ, ಮತ್ತೆ ಕೆಂಪು. ಪಕ್ಕದಲ್ಲೇ ನಿನ್ನ ಓರಗಿತ್ತೀದು ನೋಡು. ಒಂದೇ ಮನೆ, ಒಂದೇ ಒಲೆ. ಅವಳು ಹೇಗಿದಾಳೆ, ನೀನು ಹೇಗಿದೀಯ!”

ಸಿಡುಕಿ ದೀಪದ ಕಡೆ ನೋಡಲಿಲ್ಲ. ಅವಳ ಕಣ್ಣು ಹೋದದ್ದು ಕಿಟಕಿ ಪಕ್ಕದ ಸ್ಟೂಲಿನ ಕಡೆಗೆ. ಮೂರು ಕಾಲಿನ ಮರದ ಸ್ಟೂಲು. ಅದರ ಮೇಲೆ ಅವಳ ಓರಗಿತ್ತಿ, ಮೈದುನನ ಹೆಂಡತಿ, ಎಲ್ಲರ ಬಾಯಲ್ಲಿ ತಂಪಮ್ಮ ಆದವಳು, ಕಾಲು ಇಳಿಬಿಟ್ಟುಕೊಂಡು ದಿಂಬಿನ ಚೀಲಗಳನ್ನು ಮಡಚುತ್ತಿದ್ದಳು. ಕಿಟಕಿಯ ಗಾಳಿಗೆ ಅವಳ ಹಣೆಯ ಕೂದಲು ಮೆಲ್ಲಗೆ ಹಾರುತ್ತಿತ್ತು. ಅಷ್ಟು ದೊಡ್ಡ ಇಸ್ತ್ರಿ ಕೋಣೆಯಲ್ಲಿ ಒಣಗಿದ ಕೂದಲು ಇದ್ದದ್ದು ಅವಳೊಬ್ಬಳಿಗೇ.

ಅದು ದೊಡ್ಡ ಲಾಂಡ್ರಿ. ಹೋಟೆಲುಗಳ ಚಾದರ, ಆಸ್ಪತ್ರೆಗಳ ಚಾದರ, ಯಾರ‍್ಯಾರೋ ಮಲಗಿ ಎದ್ದ ಚಾದರಗಳು ಮೂಟೆ ಮೂಟೆ ಬರುತ್ತಿದ್ದವು. ಒಗೆದು ಹಿಂಡಿದ ಒದ್ದೆ ಚಾದರದ ಎರಡು ಮೂಲೆ ಹಿಡಿದು ಇಬ್ಬರು ಬಿಸಿ ಉರುಳೆಯ ಬಾಯಿಗೆ ಕೊಡಬೇಕು. ಆಚೆ ಕಡೆ ಇಬ್ಬರು ಹಿಡಿದುಕೊಂಡು ಮಡಚಬೇಕು. ಬೆಳಿಗ್ಗೆ ನಿಂತರೆ ಸಂಜೆಯವರೆಗೂ ನಿಂತೇ ಇರಬೇಕು. ಕೂತರೆ ನಿದ್ದೆ ಬರುತ್ತೆ, ನಿದ್ದೆ ಬಂದರೆ ಕೈ ಉರುಳೆಗೆ ಹೋಗುತ್ತೆ, ಅದೆಲ್ಲ ನಿಮ್ಮ ಒಳ್ಳೇದಕ್ಕೇ ಎಂದು ಮೇಸ್ತ್ರಿ ಹೇಳುತ್ತಿದ್ದ. ಅವನ ಮೇಜಿನ ಹಿಂದೆ ಮೆತ್ತೆಯ ಕುರ್ಚಿ ಇತ್ತು. ಸಿಡುಕಿಯ ಎರಡೂ ಮೀನಖಂಡಗಳಲ್ಲಿ ನರಗಳು ಎರೆಹುಳುಗಳ ಹಾಗೆ ಗಂಟು ಕಟ್ಟಿದ್ದವು. ಹಿಂದಿನ ತಿಂಗಳು ಅವುಗಳಲ್ಲೊಂದು ಒಡೆದು ರಕ್ತ ಚಪ್ಪಲಿಗೆ ಇಳಿದಿತ್ತು. ಚಾದರಕ್ಕೆ ಕಲೆ ಆದೀತು ಎಂದು ಮೇಸ್ತ್ರಿ ಅವಳನ್ನು ದೂರ ನಿಲ್ಲಿಸಿದ್ದ. ನಿಲ್ಲಿಸಿದ್ದ, ಕೂರಿಸಿರಲಿಲ್ಲ.

ತಂಪಮ್ಮನನ್ನು ಈ ಕೆಲಸಕ್ಕೆ ಕೈಹಿಡಿದು ಕರೆತಂದವಳು ಸಿಡುಕಿಯೇ. ಉರುಳೆಗೆ ಬಟ್ಟೆ ಕೊಡುವಾಗ ಬೆರಳು ಹೇಗೆ ಹಿಂದಕ್ಕೆ ತೆಗೆಯಬೇಕು ಎಂದು ಕಲಿಸಿದವಳೂ ಅವಳೇ. ಈಗ ನೋಡಿದರೆ ಒಲೆ ಹಚ್ಚಿದವಳು ಒಬ್ಬಳು, ಚಳಿ ಕಾಯಿಸಿಕೊಂಡವಳು ಇನ್ನೊಬ್ಬಳು.

ಇದಕ್ಕೆಲ್ಲ ಕಾರಣ ನೆಮ್ಮದಿ ಮೇಡಂ.

ಮಳೆಗಾಲ ಮುಗಿದ ಮೇಲೆ ಒಂದು ದಿನ ಧಣಿಗಳೇ ಅವರನ್ನು ಇಸ್ತ್ರಿ ಕೋಣೆಗೆ ಕರೆತಂದಿದ್ದರು. ಮೇಡಂ ಹಬೆಗೆ ಕೆಮ್ಮುತ್ತ, ಮೂಗಿಗೆ ಕರವಸ್ತ್ರ ಹಿಡಿದು ಮಾತಾಡಿದರು. “ನೋಡಿ ಅಮ್ಮಂದಿರಾ, ಇಷ್ಟು ದಿನ ಕಂಪನಿ ನಿಮ್ಮ ಕೆಲಸ ಮಾತ್ರ ನೋಡ್ತಿತ್ತು. ಇನ್ಮೇಲೆ ನಿಮ್ಮ ನೆಮ್ಮದಿನೂ ಅಳೆದು ನೋಡುತ್ತೆ.”

“ಮೊಳದಲ್ಲೋ, ಸೇರಿನಲ್ಲೋ?” ಎಂದಳು ದೊಡ್ಡಮ್ಮ. ಆ ಕೋಣೆಯಲ್ಲಿ ಎಲ್ಲರಿಗಿಂತ ಹಳಬಳು, ಬಾಯಿಯೂ ಎಲ್ಲರಿಗಿಂತ ಹೊಲಸು. ಮುದುಕಿ ಅಂತ ಯಾರೂ ಏನೂ ಅನ್ನುತ್ತಿರಲಿಲ್ಲ.

ಮೇಡಂ ನಕ್ಕು ಒಂದು ಪೆಟ್ಟಿಗೆ ತೆರೆದರು. ಒಳಗೆ ಕಪ್ಪು ಪಟ್ಟಿಗಳು. ಮಣಿಕಟ್ಟಿಗೆ ಹಾಕಿಕೊಂಡರೆ ಅದು ಎದೆಬಡಿತ ಕೇಳಿಸಿಕೊಳ್ಳುತ್ತಂತೆ. ಎದೆ ಶಾಂತವಾಗಿದ್ದರೆ ನೆಮ್ಮದಿ, ಗೋಡೆಯ ಬೋರ್ಡಿನಲ್ಲಿ ಹಸಿರು ದೀಪ. ಸ್ವಲ್ಪ ಕಸಿವಿಸಿ ಇದ್ದರೆ ಹಳದಿ. ಎದೆ ಹೊಡೆದುಕೊಳ್ಳುತ್ತಿದ್ದರೆ ಕೆಂಪು. ಬೋರ್ಡಿನಲ್ಲಿ ಒಬ್ಬೊಬ್ಬರದೂ ಒಂದು ಫೋಟೋ, ಫೋಟೋ ಮೇಲೆ ದೀಪ, ಕೆಳಗೊಂದು ಮೊಳೆ. ಒಂದೊಂದು ಪಟ್ಟಿಗೂ ಒಂದೊಂದು ದೀಪದ ಜೊತೆ ಗಂಟು. ಸಂಜೆ ಹೋಗುವಾಗ ಪಟ್ಟಿ ಬಿಚ್ಚಿ ತಮ್ಮ ತಮ್ಮ ಮೊಳೆಗೆ ನೇತುಹಾಕಬೇಕು, ಬೆಳಿಗ್ಗೆ ಅಲ್ಲಿಂದಲೇ ತೆಗೆದುಕೊಳ್ಳಬೇಕು. ವಾರವಿಡೀ ಹೆಚ್ಚು ಹಸಿರಾಗಿದ್ದವಳಿಗೆ ಮುಂದಿನ ವಾರ ಬಹುಮಾನ.

“ಏನು ಬಹುಮಾನ?”

ಧಣಿಗಳು ಸುತ್ತ ನೋಡಿದರು. ಕಿಟಕಿಯ ಹತ್ತಿರ ಬಣ್ಣ ಬಳಿಯುವವರು ಬಿಟ್ಟುಹೋಗಿದ್ದ ಸ್ಟೂಲು ಕಂಡಿತು. “ಕೂತು ಕೆಲಸ ಮಾಡಬಹುದು,” ಎಂದರು.

ಕೋಣೆಯಲ್ಲಿ ಯಾರೂ ನಗಲಿಲ್ಲ. ಅವರು ಚಿನ್ನ ಕೊಡುತ್ತೇನೆ ಎಂದಿದ್ದರೆ ನಗುತ್ತಿದ್ದರೋ ಏನೋ.

ಪಟ್ಟಿಗೆ ಹೆಂಗಸರು ಇಟ್ಟ ಹೆಸರು ನೆಮ್ಮದಿ ಬಳೆ. ಅಂದಿನಿಂದ ಒಬ್ಬೊಬ್ಬರದು ಒಂದೊಂದು ಆಟ. ಒಬ್ಬಳು ತಣ್ಣೀರಲ್ಲಿ ಕೈ ಅದ್ದಿದಳು. ಒಬ್ಬಳು ಉಸಿರು ಬಿಗಿಹಿಡಿದು ತಲೆ ಸುತ್ತಿಸಿಕೊಂಡಳು. ದೊಡ್ಡಮ್ಮ ತನ್ನ ಬಳೆಯನ್ನು ಬಾಯ್ಲರ್ ಕೋಣೆಯಲ್ಲಿ ಬಿದ್ದುಕೊಂಡಿದ್ದ ಬೆಕ್ಕಿನ ಕಾಲಿಗೆ ಸುತ್ತಿ ಬಂದಳು. ಅವಳ ದೀಪ ಧಗ್ಗೆಂದು ಕೆಂಪಾಗಿ, ಮಧ್ಯಾಹ್ನದವರೆಗೂ ಇಳಿಯಲಿಲ್ಲ.

“ಇಲಿ ತಿಂದು ಮಲಗಿರೋ ಬೆಕ್ಕಿಗೇ ಇಲ್ಲಿ ನೆಮ್ಮದಿ ಇಲ್ವಂತೆ ಕಣ್ರೇ,” ಎಂದಳು ದೊಡ್ಡಮ್ಮ. “ಇನ್ನು ನಮಗೆಲ್ಲಿಂದ ಬರಬೇಕು, ಇವರಪ್ಪನ ಮನೆಯಿಂದ?”

ಕೆಂಪು ಬಂದವರು ಚಹಾದ ಬಿಡುವಿನಲ್ಲಿ ಮೇಡಂ ಎದುರು ಸಾಲಾಗಿ ನಿಂತು ಉಸಿರಾಟ ಕಲಿಯಬೇಕು. ಸಿಡುಕಿ ಚಹಾ ಕುಡಿದು ಎಷ್ಟು ವಾರವಾಯಿತೋ.

“ನಿಮ್ಮೊಳಗೆ ಏನೋ ಉರೀತಿದೆ ಅಮ್ಮ,” ಎನ್ನುತ್ತಿದ್ದರು ಮೇಡಂ, ಅಂಗೈಯನ್ನು ಅವಳ ಎದೆಯ ಮುಂದೆ, ಮುಟ್ಟದ ಹಾಗೆ ಹಿಡಿದು. “ಏನದು, ಗುರುತಿಸಿ.”

ಸಿಡುಕಿಗೆ ಗುರುತು ಚೆನ್ನಾಗಿಯೇ ಇತ್ತು. ಮೇಡಂ ಭುಜದ ಮೇಲಿಂದ ನೋಡಿದರೆ ಅದು ಕಿಟಕಿ ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿತ್ತು.

ತಂಪಮ್ಮ ಯಾವ ಆಟವನ್ನೂ ಆಡಲಿಲ್ಲ. ಬಳೆ ಹಾಕಿಕೊಂಡ ಮೊದಲ ದಿನದಿಂದ ಅವಳ ದೀಪ ಹಸಿರು. ಮೇಸ್ತ್ರಿ ಬೈದರೂ ಹಸಿರು, ಉರುಳೆಯ ಮುಂದೆ ನಿಂತರೂ ಹಸಿರು. ಮೊದಲ ವಾರವೇ ಸ್ಟೂಲು ಸಿಕ್ಕಿತು. ಆಮೇಲೆ ಅದು ಅವಳನ್ನು ಬಿಟ್ಟು ಹೋಗಲೇ ಇಲ್ಲ. ಅವಳ ಅಂಗೈ ಯಾವಾಗಲೂ ತಣ್ಣಗೆ. ಸೆಕೆ ತಡೆಯದವರು ಅವಳ ಕೈ ಎಳೆದು ಕೆನ್ನೆಗೆ ಇಟ್ಟುಕೊಳ್ಳುತ್ತಿದ್ದರು. ತಂಪಮ್ಮ ಎಂಬ ಹೆಸರು ಬಂದದ್ದು ಹಾಗೆ.

“ಅದು ಹೇಗೆ ಇರ್ತೀಯೇ ನೀನು ಹೀಗೆ?” ಎಂದು ಸಿಡುಕಿ ಒಂದು ದಿನ ಕೇಳಿಯೇಬಿಟ್ಟಿದ್ದಳು.

“ನನಗೇನ್ ಗೊತ್ತಕ್ಕ. ಸಿಟ್ಟು ಮಾಡ್ಕೊಳೋಕೂ ತ್ರಾಣ ಬೇಕಲ್ವಾ.”

ಕೊಬ್ಬು, ಎಂದುಕೊಂಡಳು ಸಿಡುಕಿ.

ಮನೆಯಲ್ಲೂ ಬಿಡುಗಡೆ ಇರಲಿಲ್ಲ. ಎರಡು ಕೋಣೆ, ನಡುವೆ ಹಲಗೆಯ ಗೋಡೆ. ನಸುಕಿನಲ್ಲಿ ಆಚೆ ಮೈದುನ ಹೆಂಡತಿಯನ್ನು ಎಬ್ಬಿಸುತ್ತ ಏನೋ ಹೇಳಿ ನಗುವುದು ಈಚೆ ಕೇಳುತ್ತಿತ್ತು. ಈಚೆ ಸಿಡುಕಿಯ ಗಂಡ, ದಿನವಿಡೀ ಲಾರಿಗೆ ಮೂಟೆ ಹೇರಿ ಬಂದವನು, ಗೋಡೆ ಕಡೆ ತಿರುಗಿ ಗೊರಕೆ ಹೊಡೆಯುತ್ತಿದ್ದ. ಮೂರು ಮಹಡಿ ಮೆಟ್ಟಿಲು ಹತ್ತುವಾಗ ಸಿಡುಕಿ ಒಡೆದ ನರಕ್ಕೆ ಬಟ್ಟೆ ಸುತ್ತಿಕೊಂಡು ಒಂದೇ ದಮ್ಮಿಗೆ ಹತ್ತುವಳು. ತಂಪಮ್ಮ ಪ್ರತಿ ತಿರುವಿನಲ್ಲಿ ನಿಂತು ಬೀದಿ ನೋಡುವಳು.

“ಏನ್ ಮಹಾರಾಣಿ, ಮೆರವಣಿಗೆ ಬರ್ತಿದೆಯಾ ಬೀದೀಲಿ?”

“ಗಾಳಿ ಚೆನ್ನಾಗಿದೆ ಅಕ್ಕ, ನೀವು ನಡೀರಿ.”

ಮನೆ ಸೇರಿದರೆ ತಂಪಮ್ಮನಿಗೆ ಮುಖ ತೊಳೆಯುವುದರೊಳಗೆ ನಿದ್ದೆ. ತಲೆ ನೆಲಕ್ಕೆ ತಾಗಿದರೆ ಸಾಕು, ಕಡಿದ ಮರ. ಅತ್ತೆ ಅವಳಿಗೆ ಹೊದಿಸುತ್ತ, “ನೋಡು, ಮಗು ಮಲಗಿದ ಹಾಗೆ. ಒಳಗೆ ಕಲ್ಮಶ ಇಲ್ದಿದ್ರೆ ಹೀಗೇ ನಿದ್ದೆ ಬರೋದು,” ಎನ್ನುವಳು. ಆ ಮಾತು ಯಾರಿಗೆ ಅಂತ ಸಿಡುಕಿಗೆ ತಿಳಿಯುತ್ತಿತ್ತು. ಪಾತ್ರೆಗಳೆಲ್ಲ ಅವಳ ಪಾಲಿಗೆ. ಪಾತ್ರೆ ಉಜ್ಜುತ್ತ ಅವಳು ಒಂದೊಂದನ್ನೂ ಲೆಕ್ಕ ಹಾಕುವಳು: ತಂಪಮ್ಮನ ಗಂಡನ ನಗು, ಅವಳ ನಿದ್ದೆ, ಅವಳ ಅತ್ತೆ. ಅತ್ತೆ ಇಬ್ಬರಿಗೂ ಒಬ್ಬಳೇ ಎನ್ನುವುದು ಅವಳಿಗೆ ಮರೆತೇ ಹೋಗುತ್ತಿತ್ತು. ಇಷ್ಟೆಲ್ಲ ಇದ್ದವಳಿಗೆ ಸ್ಟೂಲೂ ಬೇಕಾಗಿತ್ತಾ?

ಒಂದು ಸಂಜೆ ಕೆಲಸ ಬಿಡುವ ಹೊತ್ತು. ತಂಪಮ್ಮ ಬಾಗಿಲ ಹತ್ತಿರ ಕಂಬ ಹಿಡಿದು ನಿಂತಿದ್ದಳು.

“ಅಕ್ಕ, ಬೋರ್ಡಿನವರೆಗೂ ಹೋಗೋಕಾಗ್ತಿಲ್ಲ. ನನ್ನ ಬಳೆನೂ ಹಾಕಿ ಬಂದುಬಿಡ್ತೀರಾ?”

‘ದಿನವಿಡೀ ಕೂತವಳಿಗೆ ಹತ್ತು ಹೆಜ್ಜೆ ಹೋಗೋಕೆ ಆಗಲ್ವಂತೆ!’ ಸಿಡುಕಿ ಎರಡೂ ಬಳೆ ಹಿಡಿದು ಬೋರ್ಡಿನ ಮುಂದೆ ನಿಂತಳು. ಎರಡೂ ಒಂದೇ ಥರ, ಒಂದೇ ಕಪ್ಪು. ಫೋಟೋದಲ್ಲಿ ತಂಪಮ್ಮ ನಗುತ್ತಿದ್ದಳು. ಸಿಡುಕಿಯ ಫೋಟೋ ಪೊಲೀಸರು ಹಿಡಿದವಳ ಹಾಗಿತ್ತು. ಅವಳು ತಂಪಮ್ಮನ ಬಳೆಯನ್ನು ತನ್ನ ಮೊಳೆಗೆ ಹಾಕಿದಳು. ತನ್ನದನ್ನು ತಂಪಮ್ಮನ ಮೊಳೆಗೆ ಹಾಕಿದಳು. ಸೆರಗಿನಿಂದ ಕೈ ಒರೆಸಿಕೊಂಡು ಹಿಂದೆ ತಿರುಗಿ ನೋಡದೆ ನಡೆದಳು.

ಮರುದಿನದಿಂದ ಸಿಡುಕಿಯ ಫೋಟೋ ಮೇಲೆ ಹಸಿರು, ತಂಪಮ್ಮನ ಫೋಟೋ ಮೇಲೆ ಕೆಂಪು.

ಮೇಸ್ತ್ರಿ ಬೋರ್ಡಿಗೆ ಎರಡು ಸಲ ಗುದ್ದಿ ನೋಡಿದ. ಮೇಡಂ ಮಾತ್ರ ಕಣ್ಣಲ್ಲಿ ನೀರು ತಂದುಕೊಂಡರು. “ನೋಡಿದ್ರಾ ಮೇಸ್ತ್ರಿ, ಉಸಿರಾಟದ ಫಲ! ಈ ತಾಯಿ ಹೇಗೆ ಬದಲಾದರು!” ವಾರ ಮುಗಿದಾಗ ಸಿಡುಕಿಯನ್ನು ಮುಂದೆ ಕರೆದು ಚಪ್ಪಾಳೆ ತಟ್ಟಿಸಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ತಂಪಮ್ಮ.

“ಸದ್ಯ, ಸ್ಟೂಲು ಮನೆ ಬಿಟ್ಟು ಹೋಗಲಿಲ್ಲ,” ಎಂದಳು. “ನಿಮ್ಮ ಕಾಲು ನೋಡಿದ್ರೆ ನನಗೆ ಅಲ್ಲಿ ಕೂರೋಕೇ ನಾಚಿಕೆ ಆಗ್ತಿತ್ತಕ್ಕ.”

ಬೈದಿದ್ದರೆ ಆಗುತ್ತಿತ್ತು. ಮೂತಿ ಸೊಟ್ಟ ಮಾಡಿದ್ದರೂ ಆಗುತ್ತಿತ್ತು.

ಸಿಡುಕಿ ಕೂತಳು. ಕಾಲಿನಲ್ಲಿ ಕಟ್ಟಿಕೊಂಡಿದ್ದ ರಕ್ತ ಮೆಲ್ಲಗೆ ಸಡಿಲವಾಗುವುದು ಅವಳಿಗೆ ತಿಳಿಯಿತು, ಬಿಗಿದ ಹಗ್ಗ ಯಾರೋ ಬಿಚ್ಚಿದ ಹಾಗೆ. ಕಿಟಕಿಯಾಚೆ ಒಂದು ಗೋಡೆ, ಗೋಡೆಯ ಮೇಲೆ ಎರಡು ಕಾಗೆ. ಇಷ್ಟು ವರ್ಷ ಈ ಕೋಣೆಯಲ್ಲಿದ್ದು ಕಾಗೆ ನೋಡಿದ್ದು ಅದೇ ಮೊದಲು. ಇನ್ನೇನು ಬೇಕಿತ್ತು? ಆದರೂ ಕೂತಲ್ಲಿ ಕೂರಲು ಆಗಲಿಲ್ಲ. ಮಡಚುವ ಚೀಲ ಬಿಟ್ಟು ಅವಳ ಕಣ್ಣು ಮತ್ತೆ ಮತ್ತೆ ಬೋರ್ಡಿಗೆ ಹೋಗುತ್ತಿತ್ತು. ಸ್ಟೂಲು ಬಂತು, ಚಪ್ಪಾಳೆ ಬಂತು, ಹಸಿರು ಮಾತ್ರ ಇನ್ನೂ ತಂಪಮ್ಮನದೇ. ತನ್ನ ಫೋಟೋ ಮೇಲಿನ ದೀಪದ ಮೇಲೇ ಸಿಡುಕಿಗೆ ಹೊಟ್ಟೆಕಿಚ್ಚಾಯಿತು. ಅವಳ ಎದೆ ಡವಡವ ಹೊಡೆದುಕೊಂಡಿತು. ತಂಪಮ್ಮನ ಫೋಟೋ ಮೇಲೆ ಕೆಂಪು ಇನ್ನಷ್ಟು ಕೆಂಪಾಯಿತು.

“ಏನೇ ತಂಪಮ್ಮ, ಸ್ಟೂಲು ಹೋಯ್ತು ಅಂತ ಹೊಟ್ಟೆ ಉರಿಯಾ?” ಎಂದ ಮೇಸ್ತ್ರಿ. “ಬಣ್ಣ ಬಯಲಾಯ್ತು ನೋಡು. ಮೇಲೆ ಬೆಣ್ಣೆ, ಒಳಗೆ ಸುಣ್ಣ.”

“ಇಲ್ಲ ಅಣ್ಣ, ಹಾಗೇನಿಲ್ಲ,” ಎಂದಳು ತಂಪಮ್ಮ. ಚಹಾದ ಹೊತ್ತಿನಲ್ಲಿ ಅವಳು ಮೇಡಂ ಎದುರು ನಿಂತು ಉಸಿರು ಎಳೆದಳು, ಬಿಟ್ಟಳು. ತುಟಿಯ ಬಣ್ಣ ಒಗೆದ ಚಾದರದ ಹಾಗಿತ್ತು. ಸಿಡುಕಿ ಕೂತು ಚಹಾ ಕುಡಿದಳು. ರುಚಿ ಹತ್ತಲಿಲ್ಲ.

ಆ ವಾರದ ನಡುವೆ ಧಣಿಗಳು ಒಬ್ಬ ದೊಡ್ಡ ಮನುಷ್ಯನನ್ನು ಕರೆತಂದರು. ತುಂಬಾ ಹೋಟೆಲುಗಳಿದ್ದವನು. ಅವನ ಚಾದರಗಳೆಲ್ಲ ಈ ಲಾಂಡ್ರಿಗೇ ಬರಬೇಕು ಎನ್ನುವುದು ಧಣಿಗಳ ಆಸೆ. ಕೆಲಸದವರನ್ನು ಸುಖವಾಗಿಟ್ಟವರ ಜೊತೆ ಮಾತ್ರ ತನ್ನ ವ್ಯವಹಾರ ಎಂದು ಅವನು ಹೇಳಿದ್ದನಂತೆ. ಮೇಸ್ತ್ರಿ ಬೆಳಿಗ್ಗೆಯೇ ಎಲ್ಲರಿಗೂ ತಾಕೀತು ಮಾಡಿದ್ದ: “ಇವತ್ತು ಒಂದು ಕೆಂಪು ಕಂಡ್ರೂ ಚರ್ಮ ಸುಲೀತೀನಿ. ಸಮಾಧಾನವಾಗಿರ‍್ರೇ, ಬೋಳಿಯರಾ!”

ಬೆದರಿದ ಎದೆಗಳಿಗೆ ಬೋರ್ಡಿನ ತುಂಬ ಹಳದಿ, ಅಲ್ಲಲ್ಲಿ ಕೆಂಪು. ದೊಡ್ಡ ಮನುಷ್ಯ ಕನ್ನಡಕ ಸರಿಮಾಡಿಕೊಂಡು ಬೋರ್ಡು ನೋಡಿದ. “ಇದು ಯಾರು? ಇಷ್ಟು ಹಸಿರು?”

“ಈ ತಾಯಿ ಸರ್,” ಎಂದು ಮೇಡಂ ಸ್ಟೂಲಿನ ಕಡೆ ಕೈ ಮಾಡಿದರು. “ನಮ್ಮ ಹೆಮ್ಮೆ. ಇವತ್ತಂತೂ ಯಾವತ್ತೂ ಇಲ್ಲದಷ್ಟು ಶಾಂತಿ.”

ಅಷ್ಟರಲ್ಲಿ ಉರುಳೆಯ ಮುಂದೆ ಒಂದು ಚಾದರ ಅರ್ಧಕ್ಕೆ ಓರೆಯಾಗಿ ಒಳಗೆ ಹೋಯಿತು. ಒಂದು ಮೂಲೆ ಹಿಡಿದಿದ್ದ ದೊಡ್ಡಮ್ಮ ಕೂಗಿಕೊಂಡಳು. ಇನ್ನೊಂದು ಮೂಲೆ ಹಿಡಿದಿದ್ದವಳು ಅಲ್ಲಿರಲಿಲ್ಲ. ತಂಪಮ್ಮ ಸದ್ದಿಲ್ಲದೆ ನೆಲಕ್ಕೆ ಬಿದ್ದಿದ್ದಳು, ತೊಳೆಯುವ ಬಟ್ಟೆ ಕೈಜಾರಿ ಬಿದ್ದ ಹಾಗೆ.

ಮೇಡಂ ಮೊದಲು ನೋಡಿದ್ದು ಬೋರ್ಡನ್ನು. ತಂಪಮ್ಮನ ಫೋಟೋ ಮೇಲೆ ಕೆಂಪು ದೀಪ ಉರಿಯುತ್ತಿತ್ತು. “ಬಡಿತ ಜೋರಾಗೇ ಇದೆ ಸರ್. ಭಯ ಏನಿಲ್ಲ. ಸ್ವಲ್ಪ ಉದ್ವೇಗ, ಅಷ್ಟೇ.”

“ನಾಟಕ,” ಎಂದ ಮೇಸ್ತ್ರಿ ಹಲ್ಲು ಕಚ್ಚಿ. “ದೊಡ್ಡವರು ಬಂದಾಗ್ಲೇ ಬೀಳಬೇಕಿತ್ತಾ? ಸ್ಟೂಲಿನ ಆಸೆ ಧಣಿ. ಏಯ್, ಏಳೇ! ನೀರು ಹಾಕ್ರೇ ಮುಖಕ್ಕೆ.”

ಸಿಡುಕಿ ಸ್ಟೂಲಿನಿಂದ ಹೇಗೆ ಎದ್ದಳೋ. ಸ್ಟೂಲು ಹಿಂದೆ ಉರುಳಿತು. ಅವಳು ಮೊಣಕಾಲೂರಿ ತಂಪಮ್ಮನ ಮಣಿಕಟ್ಟು ಹಿಡಿದಳು. ಬಳೆಯ ಪಕ್ಕದಲ್ಲೇ ಬೆರಳಿಟ್ಟಳು. ಏನೂ ಇಲ್ಲ. ಇನ್ನೂ ಒತ್ತಿದಳು. ಒಂದು ಬಡಿತ ಬಂತು. ಇನ್ನೊಂದಕ್ಕೆ ಕಾದಳು. ಉರುಳೆಯೊಳಗಿದ್ದ ಚಾದರ ಆಚೆ ಬಂದು ನೆಲಕ್ಕೆ ಬಿತ್ತು, ಆಗ ಇನ್ನೊಂದು ಬಂತು. ಕೈ ಕಲ್ಲಿನಷ್ಟು ತಣ್ಣಗಿತ್ತು.

ಸಿಡುಕಿ ತಲೆಯೆತ್ತಿ ಬೋರ್ಡು ನೋಡಿದಳು. ತನ್ನ ಮೋರೆಯ ಮೇಲೆ ಹಸಿರು ತಣ್ಣಗೆ ಉರಿಯುತ್ತಿತ್ತು. ಮೆಟ್ಟಿಲ ತಿರುವಿನಲ್ಲಿ ಬೀದಿ ನೋಡುತ್ತ ನಿಂತದ್ದು, ಮುಖ ತೊಳೆಯುವ ಮೊದಲೇ ಬಿದ್ದು ಮಲಗುತ್ತಿದ್ದದ್ದು, ಹತ್ತು ಹೆಜ್ಜೆ ನಡೆಯಲಾರದೆ ಬಳೆ ಕೊಟ್ಟದ್ದು, ಎಲ್ಲ ಒಂದರ ಹಿಂದೊಂದು ಬಂದು ಅವಳ ಎದೆಗೆ ಒದ್ದವು. ಇಷ್ಟು ದಿನ ತಾನು ಕರುಬಿದ್ದು ಇದಕ್ಕಾ?

“ಆ ಹಸಿರು ನನ್ನದಲ್ಲ,” ಎಂದಳು.

“ಏನಮ್ಮ?” ಎಂದರು ಮೇಡಂ.

“ಆ ಹಸಿರು ನನ್ನದಲ್ಲ ಅಂದೆ! ಇವಳದು. ನಾನೇ ಬಳೆ ಅದಲುಬದಲು ಮಾಡಿದ್ದು. ಹೊಟ್ಟೆಕಿಚ್ಚಿಗೆ ಮಾಡಿದೆ, ಹಾಳಾದವಳು. ಆ ಕೆಂಪು ನಂದು. ಇವಳ ಎದೆ ನಿಂತು ನಿಂತು ಹೊಡ್ಕೋತಿದೆ, ಅದಕ್ಕೇ ನಿಮ್ಮ ದೀಪ ಹಸಿರು.” ಅವಳು ಮೇಡಂ ಕೈಯನ್ನು ಹಿಡಿದು ಎಳೆದಳು. ಮೇಡಂ ಮುಗ್ಗರಿಸಿ ಮಂಡಿಯೂರಿದರು. ಅವರ ನುಣ್ಣನೆಯ ಬೆರಳುಗಳನ್ನು ಸಿಡುಕಿ ತಂಪಮ್ಮನ ಮಣಿಕಟ್ಟಿಗೆ ಒತ್ತಿದಳು. “ಅಳೀರಿ ಈಗ. ಅಳೀರಿ!”

ಮೇಡಂ ಕಾದರು. ಕಾಯುತ್ತಿದ್ದ ಹಾಗೆ ಅವರ ಮುಖದ ಬಣ್ಣ ಇಳಿಯಿತು. “ಆಸ್ಪತ್ರೆಗೆ... ಸರ್, ಇವರನ್ನ ಆಸ್ಪತ್ರೆಗೆ...”

“ನಿಮ್ಮ ಕಾರು ಹೊರಗಿದೆಯಲ್ಲ ಧಣಿ,” ಎಂದಳು ಸಿಡುಕಿ.

ಧಣಿಗಳು ದೊಡ್ಡ ಮನುಷ್ಯನ ಮುಖ ನೋಡಿದರು. ಆಮೇಲೆ ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿಗೆ ಅಷ್ಟು ಸಾಕಾಗಿತ್ತು. “ಸಂಜೆ ಚಾದರದ ಗಾಡಿ ಆಸ್ಪತ್ರೆ ಕಡೇನೇ ಹೋಗುತ್ತೆ, ಅದರಲ್ಲಿ ಹಾಕಿ ಕಳಿಸೋಣ. ಎತ್ತಿ ಆ ಮೂಟೆ ಮೇಲೆ ಮಲಗಿಸ್ರೇ. ನೀವೆಲ್ಲ ಏನ್ ನೋಡ್ತಿದೀರಿ? ಉರುಳೆ ಸುಮ್ನೆ ತಿರುಗ್ತಿದೆ. ನಡೀರಿ, ನಡೀರಿ!”

ಸಿಡುಕಿ ತಂಪಮ್ಮನ ತಲೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಒಡೆದ ನರದ ಕಾಲನ್ನು ಮಡಚಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು.

“ಕಾರು ಬರೋವರೆಗೂ ನಾನು ಏಳಲ್ಲ,” ಎಂದಳು.

“ಏಳ್ತೀಯೋ, ಜುಟ್ಟು ಹಿಡಿದು ಎಬ್ಬಿಸ್ಲೋ?”

ಮೇಸ್ತ್ರಿ ಎರಡು ಹೆಜ್ಜೆ ಇಟ್ಟಿದ್ದ. ಅವನ ದಾರಿಗೆ ಅಡ್ಡಲಾಗಿ ದೊಡ್ಡಮ್ಮ ನಡೆದು ಬಂದಳು. ಬರುವಾಗ ಗೋಡೆಯ ಮೇಲಿದ್ದ, ಉರುಳೆ ನಿಲ್ಲಿಸುವ ಹಿಡಿಯನ್ನು ಕೆಳಕ್ಕೆ ಎಳೆದಳು. ಉರುಳೆ ನರಳುತ್ತ ನಿಧಾನವಾಯಿತು, ನಿಂತಿತು. ಆ ಕೋಣೆಯಲ್ಲಿ ಕೆಲಸದ ಹೊತ್ತಿನಲ್ಲಿ ಅಂಥ ನಿಶ್ಶಬ್ದವನ್ನು ಯಾರೂ ಕೇಳಿರಲಿಲ್ಲ.

“ನನ್ನ ಜುಟ್ಟು ಮೊದಲು ಹಿಡಿಯೋ,” ಎಂದಳು ದೊಡ್ಡಮ್ಮ. “ನಾಲ್ಕೇ ಕೂದಲಿದೆ, ಬೇಗ ಮುಗಿಯುತ್ತೆ.” ಮಂಡಿ ಹಿಡಿದುಕೊಂಡು, ನೆಲಕ್ಕೆ ಕೈಯೂರಿ, “ಅವ್ವಾ” ಎಂದು ಅವಳು ಸಿಡುಕಿಯ ಪಕ್ಕ ಕೂತಳು. ಕೂತವಳು ಬಿಟ್ಟ ಉಸಿರು ಎಲ್ಲರಿಗೂ ಕೇಳಿಸಿತು.

ಆ ಉಸಿರು ಕೇಳಿಯೇ ಇರಬೇಕು, ತಣ್ಣೀರಲ್ಲಿ ಕೈ ಅದ್ದುತ್ತಿದ್ದವಳು ಕೂತಳು. ಅವಳನ್ನು ನೋಡಿ ಮಡಚುವ ಮೇಜಿನ ಇಬ್ಬರು ಕೂತರು. ಆಮೇಲೆ ಯಾರು ಮೊದಲು ಯಾರು ಆಮೇಲೆ ಎಂದು ತಿಳಿಯಲಿಲ್ಲ. ಇಸ್ತ್ರಿ ಕೋಣೆಯ ಹೆಂಗಸರೆಲ್ಲ ಒದ್ದೆ ನೆಲದ ಮೇಲೆ, ಚಾದರಗಳ ಮೇಲೆ, ಮೂಟೆಗಳಿಗೆ ಒರಗಿ, ಗೋಡೆಗೆ ಒರಗಿ ಕೂತುಬಿಟ್ಟರು.

ಮೇಸ್ತ್ರಿ ಕೂಗುತ್ತಿದ್ದ. ಧಣಿಗಳು ದೊಡ್ಡ ಮನುಷ್ಯನ ತೋಳು ಹಿಡಿದು ಬಾಗಿಲ ಕಡೆ ತಿರುಗಿಸುತ್ತಿದ್ದರು. ಅವನು ತಿರುಗಲಿಲ್ಲ. ಬೋರ್ಡನ್ನೇ ನೋಡುತ್ತಿದ್ದ.

ಮೂಲೆಯ ಒಂದು ಹಳದಿ ದೀಪ ಹಸಿರಾಯಿತು. ಅದರ ಪಕ್ಕದ್ದು ಆಯಿತು. ಕೆಳಗಿನ ಸಾಲಿನ ಒಂದು ಕೆಂಪು ಹಳದಿಗೆ ಇಳಿದು, ಹಳದಿಯಿಂದ ಹಸಿರಿಗೆ ಬಂತು. ದೊಡ್ಡಮ್ಮನ ದೀಪ, ಬಳೆ ಬಂದ ದಿನದಿಂದ ಒಮ್ಮೆಯೂ ಹಸಿರು ಕಾಣದ್ದು, ಹಸಿರಾಯಿತು. ನಿಂತ ಕಾಲುಗಳು ಕೂತ ಮೇಲೆ ಎದೆಗಳು ಒಂದೊಂದೇ ಇಳಿಯುತ್ತಿದ್ದವು.

“ಅದ್ಭುತ,” ಎಂದ ದೊಡ್ಡ ಮನುಷ್ಯ.

ಬೋರ್ಡಿನಲ್ಲಿ ಕೆಂಪು ಉಳಿದದ್ದು ಒಂದೇ, ತಂಪಮ್ಮನ ನಗುವ ಫೋಟೋದ ಮೇಲೆ. ಅದು ಸಿಡುಕಿಯದು. ಅವಳು ಬಳೆ ಬಿಚ್ಚಲಿಲ್ಲ. ಎಡಗೈಯಿಂದ ಆ ತಣ್ಣನೆಯ ಮಣಿಕಟ್ಟನ್ನು ಹಿಡಿದುಕೊಂಡು, ಹೊರಗೆ ಕಾರಿನ ಸದ್ದಿಗೆ ಕಿವಿಕೊಟ್ಟು, ಮುಂದಿನ ಬಡಿತಕ್ಕೆ ಕಾಯುತ್ತ ಕೂತಳು.